ರಟ್ಟಿನ ಪೆಟ್ಟಿಗೆಯ ಚಾಕೊಲೇಟ್ ಕೇಕು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಡಿಗೆಯ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಅರ್ಥಶಾಸ್ತ್ರ, ಮನಶ್ಶಾಸ್ತ್ರ, ರಸಾಯನಶಾಸ್ತ್ರಗಳು ಮೂರೂ ಒಂದೇ ಪಾತ್ರೆಯಲ್ಲಿ ಕಲೆಯುವಂಥ ವಿಷಯ ಬೇರೊಂದು ಸಿಕ್ಕುವುದು ಕಷ್ಟ. ಅಮೆರಿಕದ ಅಂಗಡಿಗಳಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಾರುವ ಕೇಕ್ ಮಿಕ್ಸ್ ಎಂಬ ಪುಡಿಯೂ, ಅದರಿಂದ ಅಲ್ಲಿನ ಮನೆಗಳಲ್ಲಿ ಅರ್ಧ ಗಂಟೆಯ ಕಾವಿನಲ್ಲಿ ಸಿದ್ಧಪಡಿಸುವ ಒಂದು ಚಾಕೊಲೇಟ್ ಸಿಹಿಯೂ ಈ ಲೇಖನದ ವಸ್ತು. ಆ ಸಿಹಿಯನ್ನು ಅಲ್ಲಿನವರು ‘ಡಂಪ್ ಕೇಕ್’ ಎನ್ನುತ್ತಾರೆ. ಡಂಪ್ ಎಂದರೆ ತಂದು ಸುರಿಯುವುದು. ಹೆಸರೇನೋ ಚೆಲುವಾದುದಲ್ಲ, ಆದರೆ ಸುಳ್ಳೂ ಅಲ್ಲ.

ಮಾಡುವ ಕ್ರಮ ಇಷ್ಟೆ. ಕಾರ್ನ್‌ಫ್ಲೋರ್, ಸಕ್ಕರೆ, ಕೋಕೋ ಬೆರೆತ ಚಾಕೊಲೇಟ್ ಪುಡ್ಡಿಂಗ್ ಪೊಟ್ಟಣವೊಂದನ್ನು ಸುಮಾರು ಅರ್ಧ ಲೀಟರು ಹಾಲಿನಲ್ಲಿ ಕದಡಿ ಗಟ್ಟಿಯಾಗುವ ತನಕ ಕಾಯಿಸಬೇಕು. ಒಲೆಯಿಂದ ಇಳಿಸಿ, ಪೆಟ್ಟಿಗೆಯ ಚಾಕೊಲೇಟ್ ಕೇಕ್ ಪುಡಿಯನ್ನು ಒಣದಾಗಿಯೇ ಅದಕ್ಕೆ ಸುರಿದು ಕಲಸಬೇಕು. ಮೊಟ್ಟೆ, ಎಣ್ಣೆ, ನೀರು ಹಾಕಿರೆಂದು ಪೆಟ್ಟಿಗೆಯ ಬೆನ್ನಿನ ಮೇಲೆ ಅಚ್ಚಾಗಿರುತ್ತದೆ; ಇಲ್ಲಿ ಆ ಮೂರೂ ಬೇಡ. ಕಲಸಿದ ಹಿಟ್ಟು ಇಡ್ಲಿಯ ಹಿಟ್ಟಿಗಿಂತಲೂ ದಪ್ಪಗಿರುತ್ತದೆ. ಅದನ್ನು 9 ಅಂಗುಲ ಅಗಲ, 13 ಅಂಗುಲ ಉದ್ದದ ಬೆಣ್ಣೆ ಸವರಿದ ತಟ್ಟೆಯಲ್ಲಿ ಹರಡಿ, ಮೇಲೆ ಚಾಕೊಲೇಟಿನ ಚೂರುಗಳನ್ನು ಉದುರಿಸಿ, 350 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 175 ಡಿಗ್ರಿ ಸೆಂಟಿಗ್ರೇಡ್ ಕಾವಿನ ಓವನ್ನಿನಲ್ಲಿ ಅರ್ಧ ಗಂಟೆ ಇಟ್ಟರಾಯಿತು. ಚಿಕ್ಕ ಹುಡುಗರೂ ಮಾಡಬಲ್ಲರು.

ಇಷ್ಟು ಸುಲಭ ಹೇಗಾಯಿತು? ಕೇಕಿನಲ್ಲಿ ಕಷ್ಟವಿರುವುದು ಕಲಸುವುದರಲ್ಲಲ್ಲ, ಅಳತೆಯಲ್ಲಿ. ಸಾರಿಗೆ ಉಪ್ಪು ಕಡಮೆಯಾದರೆ ಬಡಿಸುವಾಗಲೂ ಹಾಕಿಕೊಳ್ಳಬಹುದು. ಕೇಕು ಒಮ್ಮೆ ಕಾವಿಗೆ ಹೋಯಿತೆಂದರೆ ತಿದ್ದುಪಡಿಗೆ ಅವಕಾಶವಿಲ್ಲ. ಹಿಟ್ಟಿಗೆ ಸಕ್ಕರೆ ಎಷ್ಟು, ಸೋಡ ಎಷ್ಟು ಎಂಬ ಲೆಕ್ಕವನ್ನು ಕಾರ್ಖಾನೆಯವರು ಮೊದಲೇ ಮಾಡಿ ಮುಗಿಸಿರುತ್ತಾರೆ. ಅಡಿಗೆ ಸೋಡವೂ ಒಣ ಆಮ್ಲವೂ ತಿಂಗಳುಗಟ್ಟಲೆ ಒಂದೇ ಪುಡಿಯಲ್ಲಿ ಅಕ್ಕಪಕ್ಕ ಸುಮ್ಮನಿರುತ್ತವೆ. ಹಾಲಿನ ತೇವ ತಾಗಿದೊಡನೆ ಎರಡೂ ಕೂಡಿ ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಆ ಗುಳ್ಳೆಗಳೇ ಕೇಕನ್ನು ಮೇಲೆತ್ತುವುವು. ಹಾಗೆ ಎದ್ದ ಗೋಪುರ ಕುಸಿಯದಂತೆ ಹಿಡಿಯಲು ಸಾಮಾನ್ಯವಾಗಿ ಮೊಟ್ಟೆ ಬೇಕು, ಏಕೆಂದರೆ ಅದರ ಪ್ರೋಟೀನು ಕಾವಿಗೆ ಹೆಪ್ಪುಗಟ್ಟುತ್ತದೆ. ಡಂಪ್ ಕೇಕಿನಲ್ಲಿ ಆ ಕೆಲಸದ ಬಹುಭಾಗವನ್ನು ಪುಡ್ಡಿಂಗಿನ ಗಂಜಿ ವಹಿಸಿಕೊಳ್ಳುತ್ತದೆ, ಹಾಲಿನ ನೀರನ್ನೂ ಬಿಡದೆ ಹಿಡಿದುಕೊಳ್ಳುತ್ತದೆ. ಆದುದರಿಂದಲೇ ಇದು ಗರಿಗರಿಯಾದ ಕೇಕೂ ಅಲ್ಲ, ಬರಿಯ ಪುಡ್ಡಿಂಗೂ ಅಲ್ಲ. ನಡುವಿನ ಒಂದು ಮೆತ್ತನೆಯ ಸಿಹಿ.

ಇಂಥ ಪುಡಿಯ ಹುಟ್ಟು ಕಾಕಂಬಿಯಿಂದ ಆಯಿತೆಂದರೆ ಆಶ್ಚರ್ಯವಾದೀತು. ಪಿಟ್ಸ್‌ಬರ್ಗಿನ ಡಫ್ ಎಂಬ ಕಂಪನಿ ಕಾಕಂಬಿಯ ವ್ಯಾಪಾರ ಮಾಡುತ್ತಿತ್ತು. ಕಾಕಂಬಿಯನ್ನು ಹಿಟ್ಟಿನೊಡನೆ ಬೆರೆಸಿ ಒಣಗಿಸಿ, ನೀರು ಹಾಕಿದರೆ ಸಾಕು ಶುಂಠಿಯ ಕೇಕು ಆಗುವಂಥ ಪುಡಿಗೆ ಜಾನ್ ಡಫ್ 1930ರಲ್ಲಿ ಅರ್ಜಿ ಹಾಕಿ 1933ರಲ್ಲಿ ಪೇಟೆಂಟ್ ಪಡೆದನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಹಿಟ್ಟಿನ ಗಿರಣಿಗಳು ಈ ವ್ಯಾಪಾರಕ್ಕೆ ಇಳಿದುವು: 1947ರಲ್ಲಿ ಜನರಲ್ ಮಿಲ್ಸ್ ಸಂಸ್ಥೆ ‘ಬೆಟ್ಟಿ ಕ್ರಾಕರ್’ ಹೆಸರಿನಲ್ಲಿ, 1948ರಲ್ಲಿ ಪಿಲ್ಸ್‌ಬರಿ ಸಂಸ್ಥೆ ಚಾಕೊಲೇಟ್ ಪುಡಿಯೊಂದಿಗೆ, 1951ರಲ್ಲಿ ‘ಡಂಕನ್ ಹೈನ್ಸ್’ ಹೆಸರಿನ ಪೆಟ್ಟಿಗೆ. ಇವರಲ್ಲಿ ಡಂಕನ್ ಹೈನ್ಸ್ ಊರೂರು ತಿರುಗಿ ಹೋಟೆಲುಗಳ ಗುಣದೋಷ ಬರೆಯುತ್ತಿದ್ದ ನಿಜವಾದ ಮನುಷ್ಯ. ಬೆಟ್ಟಿ ಕ್ರಾಕರ್ ಎಂಬಾಕೆ ಮಾತ್ರ ಭೂಮಿಯ ಮೇಲೆ ಹುಟ್ಟಲೇ ಇಲ್ಲ. ಗೃಹಿಣಿಯರ ಪತ್ರಗಳಿಗೆ ಉತ್ತರ ಬರೆಯುವುದಕ್ಕಾಗಿ 1921ರಲ್ಲಿ ಕಂಪನಿಯವರು ಕಲ್ಪಿಸಿದ ಹೆಸರು ಅದು.

ಇನ್ನು ಮೊಟ್ಟೆಯ ಕಥೆ. ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಕೇಳಿರಬಹುದು. ಮೊದಮೊದಲು ಕೆಲವು ಪುಡಿಗಳಲ್ಲಿ ಒಣಗಿಸಿದ ಮೊಟ್ಟೆಯೂ ಸೇರಿರುತ್ತಿತ್ತು. ನೀರು ಹೊಯ್ದರೆ ಸಾಕಾಗಿತ್ತು. ಇದರಿಂದ ಗೃಹಿಣಿಗೆ ತಾನೇನೂ ಮಾಡಲಿಲ್ಲವೆಂಬ ಅಳುಕು ಹುಟ್ಟಿತೆಂದೂ, ವಿಯೆನ್ನಾದಲ್ಲಿ ಹುಟ್ಟಿ 1938ರಲ್ಲಿ ಅಮೆರಿಕ ಸೇರಿದ ಅರ್ನೆಸ್ಟ್ ಡಿಕ್ಟರ್ ಎಂಬ ಮನಶ್ಶಾಸ್ತ್ರಜ್ಞನು 1950ರ ದಶಕದಲ್ಲಿ ‘ಮೊಟ್ಟೆಯನ್ನು ಆಕೆಯೇ ಒಡೆದು ಹಾಕಲಿ’ ಎಂದು ಸಲಹೆಯಿತ್ತನೆಂದೂ, ಆ ಮೇಲೆ ಮಾರಾಟ ಏರಿತೆಂದೂ ಕಥೆ. ಬಹಳ ಸೊಗಸಾದ ಕಥೆ. ಆದರೆ ಅದೇ ಡಫ್ 1935ರಲ್ಲಿ ಪಡೆದ ಎರಡನೆಯ ಪೇಟೆಂಟಿನಲ್ಲಿಯೇ ಗೃಹಿಣಿಯರಿಗೆ ಹಸಿ ಮೊಟ್ಟೆಯೇ ಹೆಚ್ಚು ಮೆಚ್ಚುಗೆಯೆಂದು ಹೇಳಿ, ಮೊಟ್ಟೆಯನ್ನು ಪುಡಿಯಿಂದ ಕೈಬಿಟ್ಟಿದ್ದನು. ಅಲ್ಲಿಗೆ ಪಂಡಿತನಿಗಿಂತ ಹದಿನೈದು ವರ್ಷ ಮೊದಲೇ ಕಾಕಂಬಿಯ ವ್ಯಾಪಾರಿಗೆ ಈ ಸಂಗತಿ ಹೊಳೆದಿತ್ತು. ಅದೂ ಅಲ್ಲದೆ ಹಸಿ ಮೊಟ್ಟೆಯಿಂದ ಕೇಕು ರುಚಿಯಲ್ಲಿಯೂ ಹದದಲ್ಲಿಯೂ ಮೇಲಾಗುತ್ತದೆ. ನಾಲಗೆಗೆ ತಿಳಿಯುವುದಕ್ಕೆಲ್ಲ ಅಂತರಂಗದ ಅಳುಕನ್ನು ಕಾರಣವಾಗಿ ಹುಡುಕಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಮನಶ್ಶಾಸ್ತ್ರದ ಅಧ್ಯಾಪಕರು ಕ್ಷಮಿಸಬೇಕು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಪಿಲ್ಸ್‌ಬರಿಯವರು ನಡೆಸುವ ಅಡಿಗೆಯ ಸ್ಪರ್ಧೆಯಲ್ಲಿ 1966ರಲ್ಲಿ ಟೆಕ್ಸಾಸಿನ ಎಲಾ ಹೆಲ್ಫ್ರಿಚ್ ಎಂಬವರು ‘ಟನಲ್ ಆಫ್ ಫಡ್ಜ್’ ಎಂಬ ಚಾಕೊಲೇಟ್ ಕೇಕಿಗೆ ಎರಡನೆಯ ಬಹುಮಾನ ಪಡೆದರು. ಬಳೆಯಾಕಾರದ ಆ ಕೇಕನ್ನು ಕೊಯ್ದರೆ ಒಳಗೆ ಸುರಂಗದಂತೆ ಮೆತ್ತನೆಯ ಚಾಕೊಲೇಟ್. ಮೊದಲ ಬಹುಮಾನ ಯಾವುದಕ್ಕೆ ಬಂತೆಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ಇದಕ್ಕಾದರೋ ದೇಶವೇ ಮುಗಿಬಿದ್ದಿತು. ಬಂಟ್ ಎಂಬ ಅದರ ಪಾತ್ರೆ ಎಲ್ಲಿ ಸಿಕ್ಕುವುದೆಂದು ಕೇಳಿ ಕಂಪನಿಗೆ ಎರಡು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದುವು. ಆ ಸುರಂಗದ ಗುಟ್ಟು ಕಂಪನಿಯೇ ಮಾರುತ್ತಿದ್ದ ಒಂದು ಫ್ರಾಸ್ಟಿಂಗ್ ಪೊಟ್ಟಣದಲ್ಲಿತ್ತು. ಮುಂದೆ ಕಂಪನಿ ಆ ಪೊಟ್ಟಣವನ್ನು ಮಾಡುವುದನ್ನೇ ನಿಲ್ಲಿಸಿತು. ಕೈಯಲ್ಲಿ ವಿಧಾನವಿದೆ, ಪಾತ್ರೆಯಿದೆ, ಆಸೆಯಿದೆ. ಕೇಕು ಮಾತ್ರ ಆಗದು! ಕೊನೆಗೆ ಕಂಪನಿಯವರೇ ಕೋಕೋ, ಪುಡಿ ಸಕ್ಕರೆಗಳಿಂದ ಬೇರೆ ವಿಧಾನವನ್ನು ರೂಪಿಸಿ ಕೊಡಬೇಕಾಯಿತು.

ಪೆಟ್ಟಿಗೆಯ ತೂಕದ ಕಥೆಯೂ ಇಂಥದೇ. ಅಮೆರಿಕದ ಮನೆಗಳ ಅಡಿಗೆ ಪುಸ್ತಕಗಳಲ್ಲಿ ‘ಕೇಕ್ ಪುಡಿ, ಒಂದು ಪೆಟ್ಟಿಗೆ’ ಎಂದು ಬರೆಯುವುದು ರೂಢಿ. ನಮ್ಮಲ್ಲಿ ಸೇರು, ಪಾವು ಇದ್ದಂತೆ ಅಲ್ಲಿ ಪೆಟ್ಟಿಗೆಯೂ ಒಂದು ಮಾನವಾಗಿಹೋಗಿದೆ. ಬಹುಕಾಲ ಪೆಟ್ಟಿಗೆಯಲ್ಲಿ 18.25 ಔನ್ಸು, ಎಂದರೆ ಸುಮಾರು 517 ಗ್ರಾಂ ಪುಡಿ ಇರುತ್ತಿತ್ತು. ಅನಂತರ ಅದು 15.25 ಔನ್ಸಿಗೆ, ಸುಮಾರು 432 ಗ್ರಾಮಿಗೆ ಇಳಿಯಿತು. ಸರ್ಕಾರ ಸೇರನ್ನು ಬದಲಾಯಿಸಿದರೆ ಗೆಜೆಟ್ಟಿನಲ್ಲಿ ಸಾರುತ್ತದೆ. ಈ ಬದಲಾವಣೆ ಪೆಟ್ಟಿಗೆಯ ಮೂಲೆಯ ಸಣ್ಣ ಅಕ್ಷರದಲ್ಲಿ ಆಯಿತು. ತಾಯಿ ಬರೆದಿಟ್ಟ ಚೀಟಿಯಂತೆಯೇ ಮಗಳು ಮಾಡಿದರೂ ಹಿಟ್ಟು ನೀರಾಯಿತು. ಅಳತೆಯನ್ನು ಇನ್ನೊಬ್ಬರಿಗೆ ಒಪ್ಪಿಸುವುದರಲ್ಲಿ ತಪ್ಪೇನೂ ಇಲ್ಲ. ಗಿರಣಿಯಲ್ಲಿ ಬೀಸಿದ ಹಿಟ್ಟು ತಂದು ರೊಟ್ಟಿ ತಟ್ಟುವ ನಾವು ಅದನ್ನು ಹೀಯಾಳಿಸುವಂತಿಲ್ಲ. ಒಳಗಿರುವುದೇನೆಂದು ತಿಳಿಯದಿರುವುದೇ ತೊಂದರೆ.

ತಿಳಿಯುವುದು ಕಷ್ಟವೂ ಅಲ್ಲ. ಹೆಚ್ಚು ತೂಕದ ಪದಾರ್ಥ ಮೊದಲು ಬರುವಂತೆ ಪಟ್ಟಿಯನ್ನು ಅಚ್ಚು ಹಾಕಬೇಕೆಂದು ಅಲ್ಲಿಯೂ ಇಲ್ಲಿಯೂ ಕಾನೂನಿದೆ. ಅನೇಕ ಪೆಟ್ಟಿಗೆಗಳಲ್ಲಿ ಮೊದಲ ಹೆಸರು ಹಿಟ್ಟಲ್ಲ, ಸಕ್ಕರೆ! ಮನೆಯಲ್ಲಿಯೇ ಒಂದು ಪೆಟ್ಟಿಗೆಯಷ್ಟು ಪುಡಿ ಬೇಕಾದರೆ ಮೈದಾ 190 ಗ್ರಾಂ, ಪುಡಿ ಮಾಡಿದ ಸಕ್ಕರೆ 190 ಗ್ರಾಂ, ಕೋಕೋ 40 ಗ್ರಾಂ, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಅಡಿಗೆ ಸೋಡ ಅರ್ಧ, ಉಪ್ಪು ಅರ್ಧ ಟೀ ಚಮಚ ಇವನ್ನು ಮೂರು ಸಲ ಜರಡಿ ಹಿಡಿದರೆ ಸಾಕು. ಪುಡ್ಡಿಂಗ್ ಪೊಟ್ಟಣಕ್ಕೆ ಬದಲಾಗಿ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದೂವರೆ ಚಮಚ ಕೋಕೋ, ನಾಲ್ಕು ಚಮಚ ಸಕ್ಕರೆ. ಕಂಪನಿಯ ಪುಡಿಯಲ್ಲಿ ಕೊಬ್ಬೂ ಸೇರಿರುವುದುಂಟಾದ್ದರಿಂದ ಹಾಲಿಗೆ ನಾಲ್ಕು ಚಮಚ ಬೆಣ್ಣೆ ಕೂಡಿಸಬೇಕು. ಗಟ್ಟಿಯಾದ ಹಾಲು ಉಗುರುಬೆಚ್ಚಗಾದ ಮೇಲೆಯೇ ಪುಡಿ ಹಾಕುವುದು ಒಳ್ಳೆಯದು. ಕುದಿಯುವಾಗಲೇ ಸುರಿದರೆ ಓವನ್ನಿಗೆ ಹೋಗುವ ಮುನ್ನವೇ ವಾಯುವೆಲ್ಲ ಹೊರಟುಹೋಗುತ್ತದೆ.

ನಮ್ಮ ದೇಶದಲ್ಲಿ ಮಾರುವ ಪೊಟ್ಟಣಗಳಲ್ಲಿ ಕೆಲವು ಹಸಿರು ಚುಕ್ಕೆ ಹೊತ್ತು, ಮೊಟ್ಟೆಯಿಲ್ಲದೆ, ಪ್ರೆಷರ್ ಕುಕ್ಕರಿನಲ್ಲಿಯೇ ಬೇಯಿಸುವಂತೆ ಬರುತ್ತವೆ. ಅಮೆರಿಕದ ಗೃಹಿಣಿ ಕೇಳಿ ಪಡೆದ ಮೊಟ್ಟೆ ಇಲ್ಲಿಗೆ ಬರುವಾಗ ಮತ್ತೆ ಮಾಯವಾಯಿತು! ಓವನ್ ಇಲ್ಲದವರು ಮೇಲಿನ ಅಳತೆಯ ಅರ್ಧವನ್ನು ಏಳಂಗುಲದ ಪಾತ್ರೆಗೆ ಹಾಕಿ, ಕುಕ್ಕರಿನ ತಳದಲ್ಲಿ ಉಪ್ಪು ಹರಡಿ, ನೀರು ಹಾಕದೆ, ಗ್ಯಾಸ್ಕೆಟ್ಟನ್ನೂ ಮೇಲಿನ ವೆಯ್ಟನ್ನೂ ತೆಗೆದಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬಹುದು. ಮಡಿಕೇರಿಯ ಕಡೆಯ ಗೆಳೆಯರಿಗೆ ಒಂದು ಮಾತು. ಅಮೆರಿಕದ ಪೆಟ್ಟಿಗೆಗಳ ಮೇಲೆ 3,500 ಅಡಿಗಿಂತ ಎತ್ತರದ ಊರುಗಳಿಗೆ ಬೇರೆ ಸೂಚನೆ ಇರುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಮೆ. ಗುಳ್ಳೆಗಳು ಮಿತಿಮೀರಿ ಉಬ್ಬಿ ಒಡೆದು ಕೇಕು ನಡುವೆ ಕುಸಿಯುತ್ತದೆ. ಸುಮಾರು 3,000 ಅಡಿಯ ಬೆಂಗಳೂರು ಈ ಗೆರೆಯ ಕೆಳಗಿದೆ, ಸುಮಾರು 3,800 ಅಡಿಯ ಮಡಿಕೇರಿ ಮೇಲಿದೆ. ಅಲ್ಲಿನವರು ಒಂದೆರಡು ಚಮಚ ಮೈದಾ ಹೆಚ್ಚಿಸಿ, ಬೇಕಿಂಗ್ ಪೌಡರನ್ನು ತುಸು ತಗ್ಗಿಸಿಕೊಳ್ಳಬೇಕು.

ಕಡ್ಡಿ ಚುಚ್ಚಿ ನೋಡಿದಾಗ ಅಂಚಿನಲ್ಲಿ ಒಣಗಿ ಬರಬೇಕು, ನಡುವೆ ಸ್ವಲ್ಪ ಅಂಟಬೇಕು. ಬಿಸಿಯಾಗಿರುವಾಗ ಚಮಚದಲ್ಲಿ ಬಡಿಸಬಹುದು. ಚೌಕವಾಗಿ ಕತ್ತರಿಸಬೇಕೆಂದರೆ ಪೂರ್ತಿ ಆರುವ ತನಕ ಕಾಯಬೇಕು.