ಬೇಟೆದೋಣಿಯ ಹಿಂಬದಿಗೊಂದು ತಿದ್ದುಪಡಿ

ಅಮೆರಿಕದಲ್ಲಿ ಕಾಡು ಬಾತುಕೋಳಿಗಳ ಬೇಟೆಗೆ ಬಳಸುವ ಅಲ್ಯೂಮಿನಿಯಂ ದೋಣಿ ಚಿಕ್ಕದು. ಉದ್ದ ಸುಮಾರು 4 ಮೀಟರ್, ತಳ ಚಪ್ಪಟೆ. ಎಂಜಿನ್, ಇಂಧನದ ತೊಟ್ಟಿ, ಬ್ಯಾಟರಿ, ನಡೆಸುವಾತ – ಎಲ್ಲ ಭಾರವೂ ಹಿಂಬದಿಯಲ್ಲೇ. ಹಾಗಾಗಿ ಹಿಂಬದಿ ತಗ್ಗಿ ಮೂತಿ ಮೇಲೇಳುತ್ತದೆ. ಒಮ್ಮೆಲೇ ವೇಗ ಇಳಿಸಿದರೆ, ದೋಣಿಯೇ ಎಬ್ಬಿಸಿದ ಅಲೆ ಹಿಂದಿನಿಂದ ಒಳನುಗ್ಗಬಹುದು. ಬೇಟೆ ನಡೆಯುವುದು ಚಳಿಯಲ್ಲಿ. ಹೆಪ್ಪುಗಟ್ಟುವಂಥ ನೀರಿಗೆ ಬಿದ್ದವರ ಕೈಕಾಲು ನಿಮಿಷಗಳಲ್ಲೇ ಸೋಲುತ್ತವೆ.

ಇದಕ್ಕೊಂದು ಪರಿಹಾರವೆಂದರೆ ಎಂಜಿನ್ನಿನ ಎರಡೂ ಪಕ್ಕಗಳಲ್ಲಿ, ಹಿಂಬದಿಯ ಹಲಗೆಗೆ ಟೊಳ್ಳು ಪೆಟ್ಟಿಗೆಗಳನ್ನು ಬೆಸೆಯುವುದು. ಆರ್ಕಿಮಿಡೀಸ್ ತತ್ತ್ವವನ್ನು ನೆನಪಿಸಿಕೊಳ್ಳಿ. ಪೆಟ್ಟಿಗೆಯ ಮುಳುಗಿದ ಭಾಗ 40×30×20 ಸೆಂಟಿಮೀಟರ್ ಆದರೆ ಅದು ಪಲ್ಲಟಗೊಳಿಸುವ ನೀರು 24 ಲೀಟರ್. ಎರಡೂ ಸೇರಿ 48 ಕಿಲೋಗ್ರಾಂ ತೂಕಕ್ಕೆ ಸಮನಾದ ಮೇಲ್ಮುಖ ಬಲ ದೊರೆಯುತ್ತದೆ (ಪೆಟ್ಟಿಗೆಗಳ ತೂಕ ಕಳೆಯಬೇಕೆನ್ನಿ). ಈ ಬಲ ದೋಣಿಯ ತುತ್ತತುದಿಯಲ್ಲಿ ವರ್ತಿಸುವುದರಿಂದ ಸನ್ನೆಯ ತೋಳು ಉದ್ದ, ಪರಿಣಾಮವೂ ಹೆಚ್ಚು.

ದೋಣಿ ವೇಗ ಪಡೆದಾಗ ಲೆಕ್ಕವೇ ಬೇರೆ. ಆಗ ನೀರು ತಳವನ್ನು ಎಲ್ಲಿ ಬಿಟ್ಟುಹೋಗುತ್ತದೆ ಎಂಬುದು ಮುಖ್ಯ. ಚಮಚದ ಉಬ್ಬು ಬೆನ್ನನ್ನು ನಲ್ಲಿಯ ಧಾರೆಗೆ ತಾಗಿಸಿ ನೋಡಿ. ನೀರು ಬೆನ್ನಿಗಂಟಿ ಬಾಗುತ್ತದೆ. ಚಮಚ ಧಾರೆಯೊಳಕ್ಕೆ ಎಳೆಯಲ್ಪಡುತ್ತದೆ. ತರಗತಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗದು! ಹಿಂಬದಿಯ ಕೆಳ ಅಂಚು ದುಂಡಗಿದ್ದರೆ ದೋಣಿಯೂ ಹೀಗೆಯೇ ಕೆಳಕ್ಕೆ ಎಳೆಯಲ್ಪಡುತ್ತದೆ. ಆದ್ದರಿಂದ ಅಂಚು ಚೂಪಾಗಿರಬೇಕು. ಪೆಟ್ಟಿಗೆಯ ತಳವನ್ನು ದೋಣಿಯ ತಳಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲಿಟ್ಟರೆ ನೀರು ಆ ಅಂಚಿನಲ್ಲೇ ಕಳಚಿಕೊಳ್ಳುತ್ತದೆ, ಘರ್ಷಣೆ ಹೆಚ್ಚುವುದಿಲ್ಲ. ಕೆಳಗಿಟ್ಟರೆ ಹಿಂಬದಿ ಅತಿಯಾಗಿ ಎದ್ದು ಮೂತಿ ನೀರಿಗೆ ಒತ್ತುತ್ತದೆ. ಅಂದಹಾಗೆ, ಪೆಟ್ಟಿಗೆ ಬೆಸೆದ ಮಾತ್ರಕ್ಕೆ ದೋಣಿಯ ಮೇಲೆ ನಮೂದಿಸಿದ ಭಾರಮಿತಿ ಬದಲಾಗದು, ಇನ್ನೊಬ್ಬರನ್ನು ಹತ್ತಿಸುವಂತಿಲ್ಲ.