ಬಳಿಯುವ ಮೊದಲು ನೀರಿನ ದಾರಿ ಹುಡುಕಿ

ಕರಾವಳಿಯಲ್ಲಿ ಸಮತಟ್ಟಾದ ನಿವೇಶನ ಸಿಗುವುದು ಕಷ್ಟ. ಗುಡ್ಡ ಕಡಿದು, ರಸ್ತೆಯ ಮಟ್ಟಕ್ಕಿಂತ ಕೆಳಗೊಂದು ಅಂತಸ್ತು ತೆಗೆದು ಮನೆ ಕಟ್ಟುವುದು ಮಂಗಳೂರು, ಬಂಟ್ವಾಳ, ಪುತ್ತೂರು ಕಡೆ ಸಾಮಾನ್ಯ. ಅಂತಹ ಕೆಳ ಅಂತಸ್ತಿನ ಒಂದೆರಡು ಗೋಡೆಗಳು ಮಣ್ಣಿಗೆ ತಾಗಿಕೊಂಡೇ ಇರುತ್ತವೆ. ಬೇಸಿಗೆಯಲ್ಲಿ ಅಲ್ಲಿ ತಂಪು, ಹಿತ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಮಳೆ ಹಿಡಿದು ಕೆಲವು ವಾರವಾಗುವಷ್ಟರಲ್ಲಿ ಗೋಡೆ ಒದ್ದೆಯಾಗುತ್ತದೆ, ಬಣ್ಣ ಉಬ್ಬುತ್ತದೆ, ಬಿಳಿ ಉಪ್ಪು ಏಳುತ್ತದೆ, ಕಪಾಟಿನ ಹಿಂದೆ ಕಪ್ಪು ಬೂಷ್ಟು ಹರಡುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ಕೆಳಗಿನ ಕೋಣೆಯಲ್ಲಿಯೇ ಮಕ್ಕಳು ಓದುತ್ತಾರೆ ಅಥವಾ ಮೆಟ್ಟಿಲು ಹತ್ತಲಾರದ ಹಿರಿಯರು ಮಲಗುತ್ತಾರೆ.

ಇದು ಮನೆಯ ಅಂದದ ಪ್ರಶ್ನೆಯಷ್ಟೇ ಅಲ್ಲ. ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರತಂದಿದೆ. ತೇವದ ಮನೆಗಳಲ್ಲಿ ವಾಸಿಸುವವರಲ್ಲಿ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕು ಹೆಚ್ಚು ಎಂಬುದನ್ನು ಅದು ಗುರುತಿಸಿದೆ. ಮಳೆಗಾಲದುದ್ದಕ್ಕೂ ಮಗುವಿಗೆ ರಾತ್ರಿ ಕೆಮ್ಮು ಬಿಡದಿದ್ದರೆ ವೈದ್ಯರಿಗೆ ತೋರಿಸುವುದರ ಜೊತೆಗೆ, ಅದು ಮಲಗುವ ಮಂಚದ ಹಿಂದಿನ ಗೋಡೆಯನ್ನೂ ಒಮ್ಮೆ ನೋಡಬೇಕು.

ಹಣ ಹೋಗುವುದು ಎಲ್ಲಿ?

ವಾಟರ್‌ಪ್ರೂಫಿಂಗ್ ಮಾಡಿಸಿದ ಮನೆಗಳಿಂದ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತರಹದವು. ಯಜಮಾನ ಗಲ್ಫ್‌ನಲ್ಲಿರುತ್ತಾನೆ. ಕಾಂಟ್ರಾಕ್ಟರ್ ಬಂದು ಹತ್ತು ನಿಮಿಷ ಕೋಣೆ ನೋಡಿ, ಚದರಡಿಗೆ ಇಷ್ಟೆಂದು ದರ ಹೇಳಿ ಹೋಗುತ್ತಾನೆ. ವಾಟ್ಸಾಪ್‌ನಲ್ಲಿ ಫೋಟೊ ಹೋಗುತ್ತದೆ, ಹಣ ಬರುತ್ತದೆ. ಗೋಡೆ ಕೆರೆದು, ಒಳಗಿನಿಂದ ಎರಡು ಕೋಟ್ ಬಳಿದು, ಮೇಲೆ ಬಣ್ಣ ಹಚ್ಚಿ ಮುಗಿಸುತ್ತಾರೆ. ಹತ್ತು ವರ್ಷ ಗ್ಯಾರಂಟಿ ಎಂದು ಬಾಯಲ್ಲಿ ಹೇಳುತ್ತಾರೆ. ಮೊದಲ ಮಳೆಗಾಲ ಹೇಗೋ ದಾಟುತ್ತದೆ. ಎರಡನೆಯದರಲ್ಲಿ ಅದೇ ಜಾಗ ಉಬ್ಬುತ್ತದೆ, ಇಲ್ಲವೇ ನೀರು ಪಕ್ಕದ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕರೆ ಮಾಡಿದರೆ ಫೋನ್ ಎತ್ತುವುದಿಲ್ಲ.

ಇಲ್ಲಿ ಮೋಸ ಇರಬಹುದು, ಇಲ್ಲದಿರಲೂಬಹುದು. ಆದರೆ ಕೆಲಸ ಕೆಡಲು ಕಾರಣ ಸರಳ. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾದಾಗ ಆ ನೀರು ಗೋಡೆಯನ್ನು ಒತ್ತುತ್ತದೆ. ನಮ್ಮ ಕೆಂಪುಕಲ್ಲಿನಲ್ಲಿ ಸಣ್ಣ ರಂಧ್ರಗಳು ಹೇರಳ. ಒಳಗಿನಿಂದ ಬಳಿದ ಪದರವನ್ನು ಹಿಂದಿನಿಂದ ಬರುವ ನೀರು ನೂಕುತ್ತಲೇ ಇರುತ್ತದೆ. ನೀರಿನ ದಾರಿ ತಪ್ಪಿಸದೆ ಬಾಗಿಲು ಮಾತ್ರ ಮುಚ್ಚಿದರೆ ಅದು ಇನ್ನೊಂದು ಬಾಗಿಲು ಹುಡುಕುತ್ತದೆ.

ಮೊದಲು ಮೂಲ ತಿಳಿಯಿರಿ

ಕಾಂಟ್ರಾಕ್ಟರ್‌ನನ್ನು ಕರೆಯುವ ಮೊದಲು ಮನೆಯವರೇ ಮಾಡಬಹುದಾದ ಪರೀಕ್ಷೆಗಳಿವೆ.

ಒದ್ದೆ ಗೋಡೆಯ ಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಹೊರಬದಿಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಒಳಗೆ ಬಟ್ಟೆ ಒಣಗಿಸುವುದು, ಕಿಟಕಿ ತೆರೆಯದಿರುವುದು ಕಾರಣವಾಗಿರಬಹುದು. ಹಾಳೆಯ ಹಿಂದೆ, ಗೋಡೆಯ ಬದಿಗೆ ಹನಿಗಳಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ.

ಬೇಸಿಗೆಯಲ್ಲೂ ಒದ್ದೆ ಆರದಿದ್ದರೆ ಪೈಪ್ ಸೋರಿಕೆಯನ್ನು ಶಂಕಿಸಬೇಕು. ರಾತ್ರಿ ಪಂಪ್ ಮತ್ತು ನಲ್ಲಿಗಳನ್ನೆಲ್ಲ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಇನ್ನು ಮಳೆ ಬರುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ತಾರಸಿಯ ಪೈಪ್ ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದೆಯೇ? ಅಂಗಳದ ಇಳಿಜಾರು ಮನೆಯ ಕಡೆಗಿದೆಯೇ? ಮೇಲಿನ ಚರಂಡಿ ಕಟ್ಟಿಕೊಂಡಿದೆಯೇ? ಕೆಲವು ಮನೆಗಳಲ್ಲಿ ಪೈಪನ್ನು ದೂರಕ್ಕೆ ಒಯ್ದು, ಅಂಗಳವನ್ನು ಹೊರಕ್ಕೆ ಇಳಿಜಾರು ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒದ್ದೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ದಿನಾಂಕ ಬರೆದು ಫೋಟೊ ತೆಗೆದಿಡಿ. ಬೇಸಿಗೆಯಲ್ಲಿ ಕೆಲಸ ಮಾಡಿಸುವಾಗ ಅದೇ ಸಾಕ್ಷಿ.

ಮೂಲ ತಿಳಿಯುವುದು ತಹಾರತ್‌ನ ದೃಷ್ಟಿಯಿಂದಲೂ ಮುಖ್ಯ. ಮಳೆನೀರು ಶುದ್ಧ. ಅದರಿಂದ ಗೋಡೆ ನೆನೆದ ಮಾತ್ರಕ್ಕೆ ಕೋಣೆ ನಜಸ್ ಆಗುವುದಿಲ್ಲ. ಆದರೆ ಶೌಚಾಲಯದ ಪೈಪ್ ಅಥವಾ ಶೌಚಗುಂಡಿಯಿಂದ ಒಸರುತ್ತಿದ್ದರೆ ವಿಷಯವೇ ಬೇರೆ. ಅಲ್ಲಿ ನಮಾಝಿನ ಜಾಗದ ಪ್ರಶ್ನೆಯೂ ಇದೆ, ಬಾವಿ ನೀರು ಕೆಡುವ ಅಪಾಯವೂ ಇದೆ. ವಾಸನೆಯಿದ್ದರೆ ತಡಮಾಡದೆ ಪ್ಲಂಬರನ್ನು ಕರೆಸಿ, ಬಾವಿ ನೀರನ್ನು ಪರೀಕ್ಷೆ ಮಾಡಿಸಿ.

ಕಾಂಟ್ರಾಕ್ಟರ್‌ನಲ್ಲಿ ಏನು ಕೇಳಬೇಕು?

ಮೊದಲ ಪ್ರಶ್ನೆ ದರದ್ದಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರವಿಲ್ಲದೆ ಡಬ್ಬಿಯ ಹೆಸರು ಹೇಳುವವನಿಗೆ ಕೆಲಸ ಕೊಡಬೇಡಿ. ಮಣ್ಣಿಗೆ ತಾಗಿದ ಗೋಡೆಗೆ ಉತ್ತಮ ಪರಿಹಾರ ಹೊರಗಿನಿಂದಲೇ. ಗೋಡೆಯ ಹೊರಬದಿ ಅಗೆದು, ಅಲ್ಲಿ ನೀರು ತಡೆಯುವ ಪದರ ಹಾಕಿ, ಬುಡದಲ್ಲಿ ತೂತಿನ ಪೈಪ್ ಮತ್ತು ಜಲ್ಲಿ ತುಂಬಿ ನೀರನ್ನು ಚರಂಡಿಗೆ ಒಯ್ಯಬೇಕು. ಜಾಗವಿಲ್ಲದೆ ಒಳಗಿನಿಂದಲೇ ಮಾಡಬೇಕಾದರೆ ಸಡಿಲ ಸಾರಣೆಯನ್ನು ಪೂರ್ತಿ ಕೀಳಬೇಕು, ಬಿರುಕುಗಳನ್ನು ತುಂಬಬೇಕು, ಹಿಂದಿನಿಂದ ಬರುವ ಒತ್ತಡ ತಡೆಯುವ ಸಿಮೆಂಟ್ ಆಧಾರಿತ ಕೋಟಿಂಗ್ ಬಳಸಬೇಕು. ಬಣ್ಣದ ಮೇಲೆ ಬಳಿದದ್ದು ಬಣ್ಣದ ಜೊತೆಗೇ ಉದುರುತ್ತದೆ.

ಇನ್ನೊಂದು ಎಚ್ಚರಿಕೆ: ಗುಡ್ಡದ ಬದಿಯ ಗೋಡೆಯ ಬುಡವನ್ನು ಮಳೆಗಾಲದಲ್ಲಿ ಎಂದಿಗೂ ಅಗೆಸಬೇಡಿ. ಮಣ್ಣು ಕುಸಿದರೆ ಕೆಲಸಗಾರರ ಜೀವಕ್ಕೇ ಅಪಾಯ. ಡಿಸೆಂಬರಿನಿಂದ ಮಾರ್ಚ್ ಒಳಗೆ, ಸಿವಿಲ್ ಇಂಜಿನಿಯರ್‌ರ ಸಲಹೆ ಪಡೆದು ಮಾಡಿಸುವುದು ಒಳ್ಳೆಯದು. ಮೇ ತಿಂಗಳಲ್ಲಿ ರಜೆಗೆ ಬಂದು ಅವಸರದಲ್ಲಿ ಮಾಡಿಸಿದ ಕೆಲಸಕ್ಕೆ ಆರಲು ಸಮಯವೇ ಇರುವುದಿಲ್ಲ.

ಬರೆದಿಡುವುದು ಅಪನಂಬಿಕೆಯಲ್ಲ

ನಮ್ಮವನೇ ಎಂಬ ದಾಕ್ಷಿಣ್ಯದಿಂದ ಎಷ್ಟೋ ಮಂದಿ ಕಾಗದ ಮಾಡುವುದಿಲ್ಲ. ಆದರೆ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಃ ಅಧ್ಯಾಯದ 282ನೇ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಲು ಕಲಿಸುತ್ತದೆ. ಮುಂಗಡ ಪಡೆದು ಮುಂದೆ ಮಾಡಿಕೊಡುವ ಕೆಲಸಕ್ಕೂ ಆ ಪಾಠ ಒಪ್ಪುತ್ತದೆ. ಕಾಗದದಲ್ಲಿ ಇವಿಷ್ಟು ಇರಲಿ:

• ಯಾವ ಗೋಡೆ, ಎಷ್ಟು ಚದರಡಿ, ಯಾವ ಸಾಮಗ್ರಿ, ಎಷ್ಟು ಕೋಟ್.
• ಗ್ಯಾರಂಟಿ ಸಾಮಗ್ರಿಗೆ ಮಾತ್ರವೋ, ಕೆಲಸಕ್ಕೂ ಇದೆಯೋ. ಮತ್ತೆ ಸೋರಿದರೆ ಎಷ್ಟು ದಿನದೊಳಗೆ ಬಂದು ಸರಿಪಡಿಸಬೇಕು.
• ಹಣದ ಕಂತುಗಳು. ಮುಂಗಡ, ಕೆಲಸ ಮುಗಿದಾಗಿನ ಕಂತು, ಉಳಿದ ಸಣ್ಣ ಪಾಲು ಒಂದು ಮಳೆಗಾಲ ಕಳೆದ ಮೇಲೆ ಎಂದು ಮೊದಲೇ ಒಪ್ಪಿಕೊಳ್ಳಿ.
• ಬಿಲ್ಲು ಮತ್ತು ಪ್ರತಿ ಹಂತದ ಫೋಟೊ.

ಒಪ್ಪಿದ ಮಾತು ಎರಡೂ ಕಡೆಗೆ ಕಟ್ಟುಪಾಡು. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮಾಡಿದ ಕೆಲಸದಲ್ಲಿ ಇಲ್ಲದ ದೋಷ ಹುಡುಕಿ ಹಣ ಹಿಡಿಯುವುದು, ಬರೆದದ್ದಕ್ಕಿಂತ ಹೆಚ್ಚಿನ ಕೆಲಸ ಬಿಟ್ಟಿಯಾಗಿ ಮಾಡಿಸುವುದು ಅನ್ಯಾಯವೇ. ಹಾಗೆಯೇ ನಮ್ಮ ಗೋಡೆ ಉಳಿಸಲು ನೀರನ್ನು ನೆರೆಮನೆಯ ಅಂಗಳಕ್ಕೆ ತಿರುಗಿಸುವುದೂ ಸಲ್ಲದು.

ಇಷ್ಟಾಗಿಯೂ ಮೋಸವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ಲು, ಕಾಗದ, ದಿನಾಂಕವಿರುವ ಫೋಟೊಗಳೇ ಅಲ್ಲಿ ನಿಮ್ಮ ಪರ ಮಾತಾಡುವುದು.

ಕೆಲಸ ಆಗುವ ತನಕ

ಉಬ್ಬಸವಿರುವವರನ್ನು, ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಹಾಸಿಗೆ, ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡಿ. ಮುಸಲ್ಲಾ, ಕಂಬಳಿಗಳನ್ನು ಬಿಸಿಲು ಕಂಡಾಗ ಒಣಗಿಸಿ. ಸ್ವಲ್ಪ ಬೂಷ್ಟಿದ್ದರೆ ಮಾಸ್ಕ್, ಕೈಗವಸು ಹಾಕಿ ಸೋಪು ನೀರಿನಿಂದ ಉಜ್ಜಿ ತೊಳೆದು ಒಣಗಿಸಿ. ಬ್ಲೀಚಿಂಗ್ ದ್ರಾವಣಕ್ಕೆ ಆಸಿಡ್ ಅಥವಾ ಬೇರೆ ಕ್ಲೀನರ್ ಬೆರೆಸಲೇಬೇಡಿ, ವಿಷಾನಿಲ ಏಳುತ್ತದೆ. ಕೋಟಿಂಗ್ ಮಾಡುವ ದಿನಗಳಲ್ಲಿ ಕಿಟಕಿ ಬಾಗಿಲು ತೆರೆದಿಟ್ಟು, ವಾಸನೆ ಹೋಗುವವರೆಗೆ ಗರ್ಭಿಣಿಯರು ಮತ್ತು ಮಕ್ಕಳು ಆ ಕಡೆ ಹೋಗದಂತೆ ನೋಡಿಕೊಳ್ಳಿ.