ನಾರಾದಲ್ಲಿ ಸಿಕ್ಕಿದ ಅಸುರ

ಅಸುರ ಅಂದರೆ ನನಗೆ ಯಕ್ಷಗಾನದ ಬಣ್ಣದ ವೇಷ. ಮುಖದ ತುಂಬ ಚಿಟ್ಟಿ, ದೊಂದಿಯ ಬೆಳಕು, ರಾಳದ ಬೆಂಕಿ, ಎದೆ ನಡುಗಿಸುವ ಅಬ್ಬರ. ಜಪಾನಿನ ನಾರಾದಲ್ಲಿ ರೈಲಿಳಿದು ಐದಾರು ನಿಮಿಷ ನಡೆದು, ಕೋಫುಕುಜಿ ದೇಗುಲದ ಮ್ಯೂಸಿಯಂ ಹೊಕ್ಕು, ಫಲಕದ ಮೇಲೆ ‘ಅಶುರ’ ಎಂದು ಓದಿದಾಗ ಅದನ್ನೇ ಎಣಿಸಿಕೊಂಡು ತಲೆಯೆತ್ತಿದೆ. ಎದುರಿಗಿದ್ದವನು ಒಬ್ಬ ಹುಡುಗ!

ಕಡ್ಡಿಯಂಥ ತೋಳುಗಳು, ಅವೂ ಆರು. ಮುಖ ಮೂರು. ಎರಡು ಕೈ ಎದೆಯ ಮುಂದೆ ಮುಗಿದಿವೆ. ಹುಬ್ಬು ಗಂಟಿಕ್ಕಿದೆ ನಿಜ, ಆದರೆ ಸಿಟ್ಟಿಗಲ್ಲ, ಇನ್ನೇನು ಅತ್ತೇಬಿಡುತ್ತಾನೆ ಅನ್ನುವ ಹಾಗೆ. ಮಗ್ಗುಲಿನ ಒಂದು ಮುಖ ಕೆಳತುಟಿ ಕಚ್ಚಿಕೊಂಡಿದೆ, ತಪ್ಪು ಮಾಡಿ ಅಮ್ಮನೆದುರು ಬಾಯಿಬಿಡಲಾರದೆ ನಿಂತ ಮಗುವಿನಂತೆ. ಅಸುರನಿಗೆ ಪಶ್ಚಾತ್ತಾಪವಾದರೆ ಹೇಗಿರುತ್ತಾನೆ ಎಂದು ನಾನು ಯಾವತ್ತಾದರೂ ಯೋಚಿಸಿದ್ದೆನೆ?

ಅವನ ಜೊತೆಗಾರರನ್ನು ನೋಡಬೇಕು! ಕೋಳಿಜುಟ್ಟು, ಕೊಕ್ಕು ಇರುವ ‘ಕರುರ’, ಅಂದರೆ ಗರುಡ. ‘ಕೆಂದತ್ಸುಬ’ ನಮ್ಮ ಗಂಧರ್ವ. ಹಣೆಯಲ್ಲಿ ಒಂಟಿ ಕೊಂಬು ಇರುವವನು ಕಿನ್ನರ, ಅವನ ಹೆಸರನ್ನಂತೂ ಬದಲಿಸಲೂ ಹೋಗಿಲ್ಲ. ಚೀನಾ ದಾಟಿ, ಸಮುದ್ರ ದಾಟಿ ಬಂದವರು ಇಲ್ಲಿ ಸಾಲಾಗಿ ನಿಂತಿದ್ದಾರೆ.

734ರಲ್ಲಿ, ತೀರಿಕೊಂಡ ತಾಯಿಯ ನೆನಪಿಗೆ ಕೋಮ್ಯೋ ರಾಣಿ ಕಟ್ಟಿಸಿದ ಮಂದಿರಕ್ಕಾಗಿ ಇವರನ್ನು ಮಾಡಿದ್ದು. ಜೇಡಿಮಣ್ಣಿನ ಗೊಂಬೆಗೆ ಲ್ಯಾಕರ್ ಮರದ ಅಂಟಿನಲ್ಲಿ ಅದ್ದಿದ ನಾರುಬಟ್ಟೆ ಸುತ್ತಿ, ಒಣಗಿದ ಮೇಲೆ ಸೀಳಿ ಮಣ್ಣನ್ನೆಲ್ಲ ತೆಗೆದುಬಿಡುತ್ತಾರೆ. ಒಳಗೆ ಪೊಳ್ಳು! 153 ಸೆಂಟಿಮೀಟರ್ ಎತ್ತರದ ಅಸುರ ತೂಗುವುದು ಸುಮಾರು 15 ಕಿಲೋ. ದೇಗುಲ ಎಷ್ಟೋ ಸಲ ಸುಟ್ಟುಹೋಗಿದೆ. ಹಗುರಾಗಿದ್ದುದಕ್ಕೇ ಎತ್ತಿಕೊಂಡು ಓಡಲಾಯಿತು ಅನ್ನುತ್ತಾರೆ.

ಹೊರಗೆ ಬಂದರೆ ಜಿಂಕೆಗಳು. ಕಾಡಿನಂಚಿನ ಕಸುಗಾ ಗುಡಿಯ ದೇವರು ಬಿಳಿ ಜಿಂಕೆಯನ್ನೇರಿ ಬಂದವನಂತೆ, ಹಾಗಾಗಿ ಊರೆಲ್ಲ ಅವುಗಳದ್ದೇ. ಬಿಸ್ಕತ್ತು ತೋರಿಸಿದರೆ ತಲೆಬಾಗಿ ನಮಸ್ಕರಿಸುತ್ತವೆ. ಕೊಡುವುದು ತಡವಾಯಿತೋ, ಮರ್ಯಾದೆ ಮುಗಿಯಿತು: ನನ್ನ ನಕ್ಷೆಯ ಒಂದು ಮೂಲೆ ಅಲ್ಲೇ ಹೋಯಿತು.

ಉಳಿದ ನಕ್ಷೆ ಹಿಡಿದು ತೋದೈಜಿ ದೇಗುಲಕ್ಕೆ ನಡೆದೆ. ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಬಂದಿದ್ದ ಭಿಕ್ಷು ಬೋಧಿಸೇನ. ನಮ್ಮ ಶಿಲ್ಪಿಗಳು ಮಾಡುವ ನೇತ್ರೋನ್ಮೀಲನವೇ! ಅವನ ಕುಂಚಕ್ಕೆ ಉದ್ದನೆಯ ನೀಲಿ ರೇಷ್ಮೆ ಹುರಿ ಕಟ್ಟಿದ್ದರು. ನೆರೆದವರು ಅದನ್ನು ಹಿಡಿದುಕೊಂಡಿದ್ದರು, ಕಣ್ಣು ತೆರೆಸಿದ ಪುಣ್ಯದಲ್ಲಿ ಅವರಿಗೂ ಪಾಲು ಸಿಗಲೆಂದು.

ಆ ಕಣ್ಣುಗಳು ಈಗಿಲ್ಲ. ಬೆಂಕಿಗೂ ಭೂಕಂಪಕ್ಕೂ ಸಿಕ್ಕಿದ ಬುದ್ಧನ ಈಗಿನ ತಲೆ 17ನೇ ಶತಮಾನದ್ದು. ಆದರೆ ಕೇಳಿ: ಆ ಕುಂಚ ಇದೆ! ಹುರಿಯೂ ಇದೆ! ಕಂಚು ಕರಗಿಹೋದ ಊರಿನಲ್ಲಿ ಕೂದಲೂ ನೂಲೂ ಉಳಿದುಕೊಂಡಿವೆ.

ದೇಗುಲದ ಹಿಂದೆ ಸ್ವಲ್ಪ ದೂರ ನಡೆದರೆ ಅವನ್ನು ಕಾಪಾಡಿದ ಶೋಸೋಯಿನ್ ಉಗ್ರಾಣ. ಮುಮ್ಮೂಲೆಯ ತೊಲೆಗಳನ್ನು ಒಂದರ ಮೇಲೊಂದು ಪೇರಿಸಿ, ಆಳೆತ್ತರಕ್ಕಿಂತ ಮೇಲೆ ಕಂಬಗಳ ಮೇಲೆ ನಿಲ್ಲಿಸಿದ ಮರದ ಕಟ್ಟಡ. 756ರಲ್ಲಿ ಗಂಡ ತೀರಿಕೊಂಡಾಗ ಅವನ ವಸ್ತುಗಳನ್ನು ಬುದ್ಧನಿಗೆ ಒಪ್ಪಿಸಿದ ರಾಣಿ ಯಾರು ಗೊತ್ತೆ? ಅದೇ ಕೋಮ್ಯೋ! ಆ ನಿಧಿಯೇ ಈ ಉಗ್ರಾಣದ ಮೂಲ. ಅದರಲ್ಲೊಂದು ಐದು ತಂತಿಯ ವೀಣೆ. ಅದರ ಮೇಲೆ ಚಿಪ್ಪಿನಲ್ಲಿ ಕೆತ್ತಿದ ಒಂಟೆ, ಒಂಟೆಯ ಮೇಲೆ ಕೂತು ನುಡಿಸುತ್ತಿರುವ ಒಬ್ಬ ವಾದಕ.

ಒಡವೆಗಳೆಲ್ಲ ಈಗ ಹತ್ತಿರದ ಕಾಂಕ್ರೀಟ್ ಉಗ್ರಾಣಗಳಲ್ಲಿವೆ. ಪ್ರತಿ ಶರತ್ಕಾಲದಲ್ಲಿ ಮುದ್ರೆ ಒಡೆದು, ಆಯ್ದ ಕೆಲವನ್ನು ನಾರಾ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ನಾನು ಹೋದದ್ದು ಆ ದಿನಗಳಲ್ಲಲ್ಲ. ಆದರೂ ಬೇಲಿಯ ಈಚೆ ನಿಂತೇ ಇದ್ದೆ. ಎಲ್ಲೋ ಇಲ್ಲೇ, ಸುರುಳಿ ಸುತ್ತಿ, ಸುಮಾರು 200 ಮೀಟರ್ ನೀಲಿ ರೇಷ್ಮೆ.